ಮೀಟರ್ ಕಲಿಸೋಕೆ ಬಂದ ಸೂಪರ್‌ಹೀರೋಗಳು

ಸೂಪರ್‌ಹೀರೋ ಅಂದ್ರೆ ಕಳ್ಳರನ್ನ ಹಿಡೀಬೇಕು, ಅಲ್ವಾ? ಆದ್ರೆ 1978ರಲ್ಲಿ ಅಮೆರಿಕದ ಟಿವಿಗೆ ಬಂದ ಈ ಹೀರೋಗಳ ಕೆಲಸ, ಮಕ್ಕಳಿಗೆ ಅಳತೆ ಕಲಿಸೋದು!

ಹೆಸರು 'ಮೆಟ್ರಿಕ್ ಮಾರ್ವೆಲ್ಸ್'. ಎನ್‌ಬಿಸಿ ಚಾನೆಲ್‌ನಲ್ಲಿ ಶನಿವಾರ ಬೆಳಗ್ಗೆ, ಕಾರ್ಟೂನ್‌ಗಳ ಮಧ್ಯೆ ಪುಟ್ಟ ಪುಟ್ಟ ಹಾಡುಗಳು. ಉದ್ದಕ್ಕೆ ಮೀಟರ್ ಮ್ಯಾನ್, ತೂಕಕ್ಕೆ ವಂಡರ್ ಗ್ರಾಮ್, ಹಾಲು-ನೀರಿಗೆ ಲೀಟರ್ ಲೀಡರ್, ಬಿಸಿಗೆ ಸೂಪರ್ ಸೆಲ್ಸಿಯಸ್. ಮಾಡಿದ್ದು, ಹಾಡಲ್ಲೇ ಪಾಠ ಹೇಳೋ 'ಸ್ಕೂಲ್‌ಹೌಸ್ ರಾಕ್' ಕಾರ್ಟೂನ್ ಮಾಡಿದ್ದ ತಂಡದವರೇ.

ಯಾಕೆ ಬೇಕಿತ್ತು? ಅಲ್ಲಿ 12 ಇಂಚಿಗೆ ಒಂದು ಅಡಿ, 3 ಅಡಿಗೆ ಒಂದು ಗಜ, 1760 ಗಜಕ್ಕೆ ಒಂದು ಮೈಲಿ. ಅಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೀರು ಹೆಪ್ಪುಗಟ್ಟೋದು 32 ಡಿಗ್ರಿಗೆ, ಕುದಿಯೋದು 212ಕ್ಕೆ! ಮೀಟರ್, ಲೀಟರ್, ಗ್ರಾಮ್ ಇರೋ ಮೆಟ್ರಿಕ್ ಪದ್ಧತೀಲಾದ್ರೆ ಎಲ್ಲಾ ಹತ್ತು, ನೂರು, ಸಾವಿರದ ಲೆಕ್ಕ. ಅದಕ್ಕೇ 1975ರಲ್ಲಿ ಮೆಟ್ರಿಕ್ ಕಾನೂನು ಬಂತು. ಆದ್ರೆ ಕಡ್ಡಾಯ ಮಾಡಲಿಲ್ಲ. ಜನ ಹಳೇದನ್ನೇ ಹಿಡ್ಕೊಂಡ್ರು, ಮೆಟ್ರಿಕ್ ಬದಲಾವಣೆಗೆ ಅಂತ ಇದ್ದ ಸರ್ಕಾರಿ ಮಂಡಳಿಗೂ 1982ರಲ್ಲಿ ಬೀಗ ಬಿತ್ತು.

ಹೀಗೆ ಎರಡೆರಡು ಅಳತೆ ಇಟ್ಕೊಂಡಿದ್ದು ದುಬಾರಿಯೂ ಆಯ್ತು: 1999ರಲ್ಲಿ ನಾಸಾದ ಮಂಗಳ ನೌಕೆಯೊಂದು ನಾಶವಾಯ್ತು. ಕಾರಣ? ಒಂದು ತಂಡ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ಅದನ್ನ ಮೆಟ್ರಿಕ್ ಅಂದ್ಕೊಂಡಿತ್ತು.

ಇವತ್ತಿಗೂ ಅಮೆರಿಕದ ಅಂಗಡೀಲಿ ಹಾಲು ಗ್ಯಾಲನ್ ಲೆಕ್ಕ. ಪಕ್ಕದಲ್ಲೇ ಇರೋ ದೊಡ್ಡ ಸೋಡಾ ಬಾಟ್ಲಿ ಮಾತ್ರ 2 ಲೀಟರ್. ಲೀಟರ್ ಲೀಡರ್ ಅಷ್ಟಾದ್ರೂ ಗೆದ್ದ ಅನ್ನಿ!