ಹಲ್ಲಿನ ಪಾಠಕ್ಕೆ ಮೊಬೈಲ್ ಮೇಷ್ಟ್ರು

ಬಾಯಲ್ಲಿರುವುದು 32 ಹಲ್ಲು. ಅವುಗಳನ್ನು ಅರಿಯಲು ಬಿಡಿಎಸ್ ವಿದ್ಯಾರ್ಥಿಗೆ 4 ವರ್ಷದ ಓದು, ಜತೆಗೆ 1 ವರ್ಷದ ಇಂಟರ್ನ್‌ಶಿಪ್ ಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಹತ್ತಿರದ್ದೆಂದರೆ 1965ರಲ್ಲಿ ಶುರುವಾದ ಮಣಿಪಾಲದ ದಂತ ಕಾಲೇಜು, ಇಲ್ಲವಾದರೆ ಮಂಗಳೂರು. ರಜೆಗೆ ಊರಿಗೆ ಬಂದಾಗ, ಕೋರ್ಸ್ ಮುಗಿಸಿ ಮನೆಯಲ್ಲೇ ಎಂಡಿಎಸ್ ಪ್ರವೇಶಕ್ಕೆ ಓದುವಾಗ ಲೈಬ್ರರಿ ದೂರ, ಡೌಟ್ ಕೇಳಲು ಮೇಷ್ಟ್ರೂ ಇಲ್ಲ. ಆಗ ನೆರವಿಗೆ ಬರುವುದು ಮೊಬೈಲ್.

ಕೆಳದವಡೆಯ ಹಲ್ಲು ಕೀಳುವ ಮುನ್ನ ಮರಗಟ್ಟಿಸಬೇಕಾದ ನರ ಹೊರಗಿನಿಂದ ಕಾಣದು. ಪುಸ್ತಕದ ಚಪ್ಪಟೆ ಚಿತ್ರದಲ್ಲಿ ಅರ್ಥವಾಗದ ಸೂಜಿಯ ದಾರಿ, ತ್ರೀಡಿ ವಿಡಿಯೋದಲ್ಲಿ ದವಡೆಯನ್ನು ತಿರುಗಿಸಿ ತೋರಿಸಿದಾಗ ತಿಳಿಯುತ್ತದೆ. ತಿಳಿಯದಿದ್ದರೆ ಹತ್ತು ಸಲ ಹಿಂದಕ್ಕೆ ಹಾಕಿ ನೋಡಬಹುದು, ಯಾರೂ ಗದರುವುದಿಲ್ಲ!

ವಿಡಿಯೋ ಮಾತ್ರವಲ್ಲ, ಪಬ್‌ಮೆಡ್‌ನಲ್ಲಿ ಸಂಶೋಧನಾ ಲೇಖನಗಳ ಸಾರಾಂಶ ಉಚಿತ; ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ಣ ಲೇಖನಗಳೇ ಸಿಗುತ್ತವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಹೆಲಿನೆಟ್ ಎಂಬ ಡಿಜಿಟಲ್ ಲೈಬ್ರರಿ ಇದೆ. ಮಳೆಗಾಲದಲ್ಲಿ ಕರೆಂಟಿನ ಜತೆ ನೆಟ್‌ವರ್ಕ್ ಕೂಡ ಕೈಕೊಡುವ ಊರಿನವರು, ಕಾಲೇಜಿನ ವೈಫೈ ಇರುವಾಗಲೇ ಬೇಕಾದ್ದನ್ನು ಇಳಿಸಿಕೊಂಡರೆ ಒಳ್ಳೆಯದು.

ಆದರೆ ನೋಡಿದ್ದೆಲ್ಲ ಓದಿದಂತಲ್ಲ. ವಿಡಿಯೋ ಮುಗಿದ ಮೇಲೆ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ; ಮರುದಿನ ಕೇಳಿದರೆ ತಲೆ ಖಾಲಿ. ಮೇಲ್ದವಡೆಯ ಮೊದಲ ದವಡೆ ಹಲ್ಲನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಬೇರು ಮೂರು, ಒಳಗಿನ ನಾಳ ಬಹಳ ಸಲ ನಾಲ್ಕು. ಆ ನಾಲ್ಕನೆಯದು ತಪ್ಪಿದರೆ ರೂಟ್ ಕೆನಾಲ್ ಚಿಕಿತ್ಸೆಯೇ ಕೆಡಬಹುದು. ಇದನ್ನು ನೋಡಿದ ಕೂಡಲೇ ಮೊಬೈಲ್ ಮಗುಚಿಟ್ಟು, ನೆನಪಿನಿಂದ ಚಿತ್ರ ಬರೆಯಿರಿ. ಬರೆಯಲಾಗದ ಕಡೆಯೇ ನೀವು ಓದಬೇಕಾದ ಕಡೆ.

ನೀಟ್ ಎಂಡಿಎಸ್‌ನಲ್ಲಿ 3 ಗಂಟೆಗೆ 240 ಪ್ರಶ್ನೆ, ಅಂದರೆ ಒಂದಕ್ಕೆ 45 ಸೆಕೆಂಡ್. ತಪ್ಪಿದರೆ ಅಂಕವೂ ಕಡಿತ. ಹಾಗಾಗಿ ಗಡಿಯಾರ ಇಟ್ಟುಕೊಂಡು ಆನ್‌ಲೈನ್ ಅಣಕು ಪರೀಕ್ಷೆ ಬರೆಯುವುದು, ತಪ್ಪಿದ ಪ್ರಶ್ನೆಗೆ ಮತ್ತೆ ಪಠ್ಯಪುಸ್ತಕ ತೆರೆಯುವುದು ಲಾಭದ ಕೆಲಸ. ವಿಡಿಯೋದಲ್ಲಿ ಹೇಳಿದ್ದಕ್ಕೂ ಪುಸ್ತಕಕ್ಕೂ ತಾಳೆಯಾಗದಿದ್ದರೆ ಮೇಷ್ಟ್ರನ್ನೇ ಕೇಳಿ.

ಮೇಣದಲ್ಲಿ ಹಲ್ಲು ಕೆತ್ತುವುದನ್ನು, ಹೆದರಿದ ಮಗುವಿನ ಬಾಯಿ ತೆರೆಸುವುದನ್ನು ಯಾವ ಆ್ಯಪ್ ಕೂಡ ನಮ್ಮ ಬದಲು ಮಾಡಿಕೊಡದು. ಮೊಬೈಲ್ ದಾರಿ ತೋರಿಸೀತು, ಪಳಗಬೇಕಾದದ್ದು ನಮ್ಮ ಕೈಯೇ.