ಗಣಕವ್ಯವಸ್ಥೆಯಲ್ಲಿ ಸರ್ವೋಪಯೋಗಿ ಭಂಡಾರಗಳು

ಕಾವ್ಯಕ್ಕೆ ವ್ಯಾಖ್ಯಾನವನ್ನು ಬರೆಯುವವನು ಕೋಶವನ್ನೆಲ್ಲ ತನ್ನ ಗ್ರಂಥದೊಳಗೆ ಪ್ರತಿಮಾಡಿಕೊಳ್ಳುವುದಿಲ್ಲ. ಬೇಕಾದ ಪಂಕ್ತಿಯನ್ನು ಮಾತ್ರ ಎತ್ತಿ, ‘ಇತ್ಯಮರಃ’ ಎಂದು ಸೂಚಿಸಿ ಮುಂದೆ ಸಾಗುತ್ತಾನೆ. ಗಣಕಯಂತ್ರದ ಪ್ರೋಗ್ರಾಮುಗಳಲ್ಲಿಯೂ ಇದೇ ನ್ಯಾಯವುಂಟು. ಅಕ್ಷರವನ್ನು ತೆರೆಯ ಮೇಲೆ ಮೂಡಿಸುವುದು, ಕಡತವನ್ನು ಸಂಕ್ಷೇಪಗೊಳಿಸುವುದು ಮೊದಲಾದ ಕಾರ್ಯಗಳು ಅನೇಕ ಪ್ರೋಗ್ರಾಮುಗಳಿಗೆ ಸಮಾನವಾದುವು. ಅವುಗಳ ವಿಧಾನವನ್ನು ಒಂದೆಡೆ ಬರೆದಿರಿಸಿ ಎಲ್ಲಕ್ಕೂ ಒದಗುವಂತೆ ಮಾಡಿದ ಸಂಗ್ರಹಕ್ಕೆ ಶೇರ್ಡ್ ಲೈಬ್ರರಿ ಎಂದು ಹೆಸರು. ಇಲ್ಲಿ ಅದನ್ನು ಭಂಡಾರವೆಂದು ಕರೆಯೋಣ.

ಪ್ರೋಗ್ರಾಮಿಗೂ ಭಂಡಾರಕ್ಕೂ ಇರುವ ಸಂಬಂಧವು ಮೂರು ಬಗೆ. ಭಂಡಾರದ ಭಾಗವನ್ನು ಪ್ರೋಗ್ರಾಮಿನೊಳಗೇ ಸೇರಿಸಿಬಿಡುವುದು ಮೊದಲನೆಯದು. ಇದರಲ್ಲಿ ಒಂದೇ ವಿಷಯವು ನೂರೆಡೆ ಪುನರುಕ್ತವಾಗುವುದು. ದೋಷ ಕಂಡುಬಂದರೆ ಅಷ್ಟು ಪ್ರತಿಗಳನ್ನೂ ತಿದ್ದಬೇಕು. ಪ್ರೋಗ್ರಾಮು ಆರಂಭವಾಗುವಾಗ ಭಂಡಾರವನ್ನು ತಂದು ಕೂಡಿಸುವುದು ಎರಡನೆಯದು. ಇಲ್ಲಿ ಪ್ರತಿ ಒಂದೇ. ಆದರೆ ಉಪಯೋಗವಾಗಲಿ ಬಿಡಲಿ, ಭಂಡಾರವಿಲ್ಲದೆ ಪ್ರೋಗ್ರಾಮು ಮೊದಲಾಗದು. ಒಂದು ಭಂಡಾರಕ್ಕೆ ಮತ್ತೊಂದು ಬೇಕಾಗಿ, ಸಣ್ಣ ವ್ಯವಸ್ಥೆಯೂ ಬೆಳೆಯುತ್ತ ಹೋಗುವುದು. ಅವಶ್ಯಕತೆಯೊದಗಿದಾಗ ಮಾತ್ರ ಕರೆತರುವುದು ಮೂರನೆಯದು. ಈ ಕ್ರಮವು 1960ರ ದಶಕದ ಮಲ್ಟಿಕ್ಸ್ ವ್ಯವಸ್ಥೆಯ ಕಾಲದಿಂದಲೂ ಪರಿಚಿತವಾದುದು. ಲಿನಕ್ಸಿನಲ್ಲಿ ‘ಡಿಎಲ್ಓಪನ್’ ಎಂಬ ಕರೆಯಿಂದ ಇದು ಸಿದ್ಧಿಸುತ್ತದೆ. ಭಂಡಾರವು ದೊರೆಯದಿದ್ದರೆ ಆ ಒಂದು ಕಾರ್ಯವು ನಿಲ್ಲಬಹುದೇ ಹೊರತು ಪ್ರೋಗ್ರಾಮೇ ನಿಲ್ಲಬೇಕಾಗಿಲ್ಲ.

ಇದು ಕೇವಲ ಸ್ಥಳದ ಉಳಿತಾಯವಲ್ಲ. ‘ಎಕ್ಸ್‌ಜೆಡ್’ ಎಂಬ ಸಂಕ್ಷೇಪ ಭಂಡಾರದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು ಅಡಗಿಸಲಾಗಿದೆಯೆಂದು 2024ನೆಯ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ಪ್ರಕಟಪಡಿಸಿದರು. ಅದರ ಗುರಿ, ದೂರದಿಂದ ಗಣಕವನ್ನು ಪ್ರವೇಶಿಸಲು ನೆರವಾಗುವ ‘ಓಪನ್ ಎಸ್‌ಎಸ್‌ಎಚ್’. ಇದಕ್ಕೆ ಎಕ್ಸ್‌ಜೆಡ್‌ನಿಂದ ಏನೂ ಆಗಬೇಕಾಗಿರಲಿಲ್ಲ. ಆದರೆ ಕೆಲವು ಲಿನಕ್ಸ್ ವಿತರಣೆಗಳಲ್ಲಿ ಅದನ್ನು ‘ಸಿಸ್ಟಂಡಿ’ಯ ಭಂಡಾರಕ್ಕೆ ಜೋಡಿಸಿದ್ದರು, ಆ ಭಂಡಾರವು ಎಕ್ಸ್‌ಜೆಡ್ ಅನ್ನು ಆರಂಭದಲ್ಲಿಯೇ ಎಳೆದು ತರುತ್ತಿದ್ದಿತು. ಕರೆಯದೆ ಬಂದ ಅತಿಥಿಯ ಬೆನ್ನಲ್ಲಿ ಕಳ್ಳನು ಒಳಹೊಕ್ಕಂತಾಯಿತು. 2024ನೆಯ ಜೂನ್‌ನಲ್ಲಿ ಹೊರಬಂದ ಸಿಸ್ಟಂಡಿಯ 256ನೆಯ ಆವೃತ್ತಿಯಲ್ಲಿ ಎಕ್ಸ್‌ಜೆಡ್ ಮೊದಲಾದ ಸಂಕ್ಷೇಪ ಭಂಡಾರಗಳು ಮೂರನೆಯ ಬಗೆಗೆ ಸೇರಿದುವು. ಕರೆತಂದ ಭಂಡಾರವೇ ದುಷ್ಟವಾದರೆ ಹಾನಿ ತಪ್ಪದು, ನಿಜ. ಆದರೆ ಅದರ ಪ್ರವೇಶಕ್ಕಿರುವ ಅವಕಾಶವು ಕಿರಿದಾಗುವುದು.

ಇಲ್ಲಿ ಒಂದು ಆಕ್ಷೇಪವುಂಟು. ಆರಂಭದಲ್ಲಿಯೇ ಬೇಕಾಗುವ ಭಂಡಾರಗಳ ಹೆಸರು ಪ್ರೋಗ್ರಾಮಿನ ಶಿರೋಭಾಗದಲ್ಲಿ ಲಿಖಿತವಾಗಿರುವುದು. ನಡುವೆ ಕರೆತರುವುವುಗಳ ಹೆಸರಿಗೆ ಅಲ್ಲಿ ಸ್ಥಾನವಿಲ್ಲ. ಋಣವು ತೀರಲಿಲ್ಲ, ಮರೆಯಾಯಿತು ಅಷ್ಟೆ. ಇದನ್ನರಿತು ಅದೇ ಆವೃತ್ತಿಯಲ್ಲಿ, ಯಾವ ಭಂಡಾರವು ಅವಶ್ಯ, ಯಾವುದು ಐಚ್ಛಿಕವೆಂಬುದನ್ನು ಪ್ರೋಗ್ರಾಮಿನಲ್ಲಿಯೇ ಟಿಪ್ಪಣಿಯಾಗಿ ಬರೆದಿಡುವ ಪದ್ಧತಿಯನ್ನು ಆರಂಭಿಸಿದರು. ಆಕರವನ್ನು ಹೊರಲೇಬೇಕೆಂಬ ನಿಯಮವಿಲ್ಲ. ಹೆಸರಿಸದೆ ಬಿಡಬಾರದೆಂಬ ನಿಯಮವುಂಟು. ವ್ಯಾಖ್ಯಾನಕಾರರು ಪಾಲಿಸಿದ ಈ ಧರ್ಮವು ಯಂತ್ರಕ್ಕೂ ಅನ್ವಯಿಸುವುದೆಂಬುದು ಗಮನಾರ್ಹವಾಗಿದೆ.