ಅರ್ಥಧಾರಿಯ ಸ್ವರದ ಹಿಂದೆ ಕೂತ ‘ಗುಂಯ್’

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ತಾಳಮದ್ದಳೆಯ ಹಿರಿಯ ಅರ್ಥಧಾರಿಯೊಬ್ಬರನ್ನು ಕರೆಸಿದ್ದೆವು. ಎಂಟನೇ ತರಗತಿಯ ಕೋಣೆಯಲ್ಲಿ ಕೂರಿಸಿ, ಕರ್ಣನ ಅರ್ಥ ಹೇಳಿಸಿ, ಒಂದು ಗಂಟೆ ಧ್ವನಿಮುದ್ರಣ ಮಾಡಿದೆವು. ಮೈಕಿನ ಕೇಬಲ್ ಗಿಡ್ಡವಾಯಿತು. ಸ್ಟೋರ್ ರೂಮಿನಲ್ಲಿದ್ದ ಬಲ್ಬಿನ ವಯರನ್ನೇ ನಾಲ್ಕೈದು ಮೀಟರ್ ಕತ್ತರಿಸಿ, ನಾನೇ ಜೋಡಿಸಿ, ಟೇಪು ಸುತ್ತಿದೆ. ಕೆಲಸ ಆಯ್ತು ಅಂದುಕೊಂಡೆ. ಮನೆಗೆ ಹೋಗಿ ಕೇಳಿದರೆ ಮೊದಲಿನಿಂದ ಕೊನೆಯವರೆಗೂ ಕರ್ಣನ ಹಿಂದೆ ಒಂದು ‘ಗುಂಯ್’! ಆ ಹಿರಿಯರು ಈಗ ಇಲ್ಲ. ‘ಗುಂಯ್’ ಮಾತ್ರ ಹಾಗೇ ಉಂಟು.

ಇದು ಎಲ್ಲಿಂದ ಬಂತು? ಮಕ್ಕಳೇ, ಮೈಕು ಕೊಡುವ ವಿದ್ಯುತ್ ಎಷ್ಟು ಚಿಕ್ಕದು ಅಂತ ಮೊದಲು ನೋಡಿ. ಸಭೆಗಳಲ್ಲಿ ಬಳಸುವ ಸಾಮಾನ್ಯ ಡೈನಮಿಕ್ ಮೈಕಿನ ಹತ್ತಿರ ಮಾತಾಡಿದರೆ ಹುಟ್ಟುವುದು ಸುಮಾರು 1ರಿಂದ 2 ಮಿಲಿವೋಲ್ಟ್. ಗೋಡೆಯೊಳಗೆ ಓಡುವ ಕರೆಂಟು 230 ವೋಲ್ಟ್. ಅಂದರೆ ಲಕ್ಷ ಪಟ್ಟಿಗಿಂತಲೂ ಹೆಚ್ಚು. ಆ ಕರೆಂಟು ಸೆಕೆಂಡಿಗೆ 50 ಬಾರಿ ಅತ್ತಿತ್ತ ತಿರುಗುತ್ತದೆ. ಅದರ ಸುತ್ತಲಿನ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರಗಳು ಪಕ್ಕದ ತಂತಿಯಲ್ಲೂ ಚೂರು ವಿದ್ಯುತ್ತನ್ನು ಎಬ್ಬಿಸುತ್ತವೆ. ನನ್ನ ಬಲ್ಬಿನ ವಯರು ಫ್ಯಾನಿನ ಎಕ್ಸ್‌ಟೆನ್ಷನ್ ಬಾಕ್ಸಿನ ಪಕ್ಕದಲ್ಲೇ ಮಲಗಿತ್ತು. ಅದಕ್ಕೆ ಸಿಕ್ಕಿದ್ದು ಚೂರೇ ಇರಬಹುದು. ಆದರೆ ಆಂಪ್ಲಿಫೈಯರ್ ಸ್ವರವನ್ನು ಸಾವಿರ ಪಟ್ಟು ಹಿಗ್ಗಿಸುವಾಗ ಕಸವನ್ನೂ ಅಷ್ಟೇ ಹಿಗ್ಗಿಸುತ್ತದೆ. ಅದಕ್ಕೆ ಕರ್ಣ ಯಾರು, ಫ್ಯಾನ್ ಯಾವುದು ಅಂತ ಗೊತ್ತಾಗುವುದಿಲ್ಲ.

ಕಂಪ್ಯೂಟರಿನಲ್ಲಿ ತೆಗೆದರಾಯ್ತಲ್ಲ ಸರ್, ಅಂತ ನೀವು ಕೇಳಬಹುದು. ನಾನೂ ಪ್ರಯತ್ನ ಪಟ್ಟೆ. ಬರೀ 50 ಹರ್ಟ್ಸ್ ಆಗಿದ್ದರೆ ಸುಲಭ. ಆದರೆ ‘ಗುಂಯ್’ನಲ್ಲಿ 100, 150, 200 ಹೀಗೆ ಅದರ ಗುಣಕಗಳೂ ಸೇರಿರುತ್ತವೆ. ಗಂಡಸರ ಮಾತಿನ ಮೂಲ ಆವೃತ್ತಿ ಸುಮಾರು 85ರಿಂದ 180 ಹರ್ಟ್ಸ್. ಎರಡೂ ಒಂದೇ ಜಾಗದಲ್ಲಿ ಕೂತಿವೆ. ‘ಗುಂಯ್’ ತೆಗೆಯಲು ಹೋದರೆ ಕರ್ಣನ ಎದೆಯ ಗಾಂಭೀರ್ಯವೂ ಅದರ ಜತೆಗೇ ಹೋಗುತ್ತದೆ. ಸಾರಿಗೆ ಬಿದ್ದ ಉಪ್ಪನ್ನು ಹೆಕ್ಕಿ ತೆಗೆಯಲಿಕ್ಕಾಗುತ್ತದಾ?

ಹಾಗಾದರೆ ಒಳ್ಳೆಯ ಮೈಕ್ ಕೇಬಲಿನೊಳಗೆ ಏನುಂಟು? ಹಾಳಾದ ಒಂದನ್ನು ಸಿಗಿದು ನೋಡಿ. ರಬ್ಬರಿನ ಕೆಳಗೆ ತಾಮ್ರದ ಎಳೆಗಳ ಜಾಳಿಗೆ. ಲೋಹದ ಗೂಡಿನೊಳಗೆ ಹೊರಗಿನ ವಿದ್ಯುತ್ ಕ್ಷೇತ್ರ ನುಗ್ಗದು ಎಂದು ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿದ್ದರಲ್ಲ, ಅದೇ ಉಪಾಯ. ಆದರೆ 50 ಹರ್ಟ್ಸಿನ ಕಾಂತಕ್ಷೇತ್ರವನ್ನು ತೆಳು ತಾಮ್ರ ತಡೆಯುವುದಿಲ್ಲ. ಅದಕ್ಕೆ ಬೇರೆಯೇ ಯುಕ್ತಿ. ಜಾಳಿಗೆಯೊಳಗೆ ಎರಡು ತಂತಿಗಳನ್ನು ಜಡೆಯ ಹಾಗೆ ಒಂದಕ್ಕೊಂದು ಹೊಸೆದಿರುತ್ತಾರೆ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹೊಸೆದಿರುವುದರಿಂದ ಹೊರಗಿನ ಕಸ ಎರಡೂ ತಂತಿಗೆ ಸರಿಸಮವಾಗಿ ತಾಗುತ್ತದೆ. ಸ್ವರ ಮಾತ್ರ ಒಂದರಲ್ಲಿ ಧನ, ಇನ್ನೊಂದರಲ್ಲಿ ಋಣ.

ಈಗ ಲೆಕ್ಕ ಮಾಡಿ. ಸ್ವರ 2, ಕಸ 5 ಅಂತ ಇಟ್ಟುಕೊಳ್ಳಿ. ಮೊದಲ ತಂತಿಯಲ್ಲಿ 2 + 5 = 7. ಎರಡನೆಯದರಲ್ಲಿ –2 + 5 = 3. ಆ ಕಡೆಯ ಯಂತ್ರ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ: 7 – 3 = 4. ಸ್ವರ ಇಮ್ಮಡಿ, ಕಸ ಸೊನ್ನೆ! ಏಳನೇ ತರಗತಿಯ ಪೂರ್ಣಾಂಕದ ಲೆಕ್ಕ ಇಷ್ಟು ಚಂದ ಕೆಲಸ ಮಾಡುವ ಜಾಗ ನನಗೆ ಬೇರೆ ಗೊತ್ತಿಲ್ಲ. ಇಂಥ ಕೇಬಲಿನ ತುದಿಯಲ್ಲಿ ಮೂರು ಪಿನ್ ಇರುತ್ತವೆ. ಆದರೆ ಯಂತ್ರದ ಕಡೆಯೂ ಮೂರು ಪಿನ್ನಿನ ಜಾಗವೇ ಬೇಕು; ಎರಡೇ ತಂತಿಯ ಸಾದಾ ಜ್ಯಾಕಿಗೆ ಬದಲಾಯಿಸಿಕೊಂಡರೆ ಕಳೆಯುವ ಲೆಕ್ಕ ನಡೆಯದು.

ಕೇಬಲಿನ ಉದ್ದಕ್ಕೂ ಒಂದು ಬೆಲೆ ಉಂಟು. ಎರಡು ತಂತಿ, ನಡುವೆ ಪ್ಲಾಸ್ಟಿಕ್ ಅಂದರೆ ಅದೊಂದು ಧಾರಕ, ಅಂದರೆ ಕೆಪಾಸಿಟರ್. ಒಂದು ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಏರು ಆವೃತ್ತಿಯ ಸದ್ದು ಅದರ ಮೂಲಕ ಸೋರುತ್ತದೆ. ಸುಮಾರು 200 ಓಮಿನ ಈಗಿನ ಮೈಕುಗಳಿಗೆ 30 ಮೀಟರ್ ಆದರೂ ವ್ಯತ್ಯಾಸ ಕಿವಿಗೆ ಗೊತ್ತಾಗದು. ಹತ್ತಾರು ಸಾವಿರ ಓಮಿನ ಹಳೆಯ ಮೈಕಾದರೆ ಹತ್ತು ಮೀಟರಿಗೇ ‘ಸ’, ‘ಶ’ ಮಂಕಾಗುತ್ತವೆ.

ಚಿನ್ನದ ಲೇಪದ ಪಿನ್ನು ಹಾಕಿದರೆ ಸ್ವರ ಇಂಪಾಗುತ್ತದೆ ಅನ್ನುವುದು ಅಂಗಡಿ ಮಾತು. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ಅಷ್ಟೇ. ಕಾಸರಗೋಡಿನ ಉಪ್ಪುಗಾಳಿ, ಮಳೆಗಾಲಕ್ಕೆ ಅದೂ ಸಣ್ಣ ಲಾಭ ಅಲ್ಲ ಅನ್ನಿ. ಯಾವ ಕೇಬಲೂ ಕೆಟ್ಟ ಮೈಕನ್ನು ಒಳ್ಳೆಯದು ಮಾಡದು. ಒಳ್ಳೆಯ ಮೈಕನ್ನು ಕೆಡಿಸಬಲ್ಲದು. ಹೆಚ್ಚಾಗಿ ಕೈಕೊಡುವುದು ತುದಿಯ ಬೆಸುಗೆ. ಮೊಣಕೈಗೆ ಬಿಗಿಯಾಗಿ ಸುತ್ತಿಟ್ಟರೆ ಒಳಗಿನ ಎಳೆಗಳು ಒಂದೊಂದಾಗಿ ತುಂಡಾಗಿ ‘ಚರಪರ’ ಶುರುವಾಗುತ್ತದೆ.

ನಿಮ್ಮ ಅಜ್ಜಿಯ ಹಾಡನ್ನೋ ಕಥೆಯನ್ನೋ ಮುದ್ರಿಸುವ ಮೊದಲು, ಯಾರೂ ಮಾತಾಡದೆ ಹತ್ತು ಸೆಕೆಂಡು ಬರೀ ಮೌನವನ್ನು ಮುದ್ರಿಸಿ. ಕಿವಿಗೆ ಹೆಡ್‌ಫೋನ್ ಹಾಕಿ ಅದನ್ನು ಕೇಳಿ. ‘ಗುಂಯ್’ ಇದ್ದರೆ ಮೈಕಿನ ಕೇಬಲನ್ನು ಕರೆಂಟಿನ ವಯರಿನಿಂದ ದೂರ ಸರಿಸಿ. ದಾಟಿಸಲೇಬೇಕಾದರೆ ಅಡ್ಡಕ್ಕೆ ದಾಟಿಸಿ, ಜತೆಯಲ್ಲಿ ಮಲಗಿಸಬೇಡಿ. ಮತ್ತೆ ಹತ್ತು ಸೆಕೆಂಡು. ಅಷ್ಟು ಹೊತ್ತು ಅಜ್ಜಿ ಎಲೆಯಡಿಕೆ ಹಾಕಿಕೊಳ್ಳಲಿ.